ಪದಚರ್ಚೆ: ಆಂಪ್ಲಿಫೈಯರಿನ ‘ಹಮ್’ ಮತ್ತು ‘ಬಝ್’ಗಳಿಗೆ ಕನ್ನಡದಲ್ಲಿ ಏನೆನ್ನುವುದು?

ಪ್ರಶ್ನೆ

ಮಾನ್ಯರೇ,

ನಮ್ಮ ವಾದ್ಯತಂಡದ ಹಳೆಯ ಪವರ್ ಆಂಪ್ಲಿಫೈಯರನ್ನು ನಾನೇ ಬಿಚ್ಚಿ ದುರಸ್ತಿ ಮಾಡಿದ್ದೇನೆ. ಮುಂದೊಮ್ಮೆ ಅದು ಕೈಕೊಟ್ಟಾಗ ನಾನು ಜೊತೆಯಲ್ಲಿ ಇಲ್ಲದಿದ್ದರೂ ಹುಡುಗರು ತಾವೇ ದೋಷವನ್ನು ಹುಡುಕಿಕೊಳ್ಳಲಿ ಎಂದು, ಕೈಪಿಡಿಯಲ್ಲಿರುವ ದೋಷಪತ್ತೆಯ ಪುಟವನ್ನು ಕನ್ನಡಕ್ಕೆ ತಂದು, ಯಂತ್ರವನ್ನು ಸಾಗಿಸುವ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಬೇಕೆಂದಿದ್ದೇನೆ. ಶನಿವಾರ ಕಾರ್ಯಕ್ರಮವಿರುವುದರಿಂದ ನಾಳೆ ಸಂಜೆಯೊಳಗೆ ಹಾಳೆ ಅಚ್ಚಾಗಬೇಕು.

ತೊಡಕಿರುವುದು ಎರಡು ಪದಗಳಲ್ಲಿ. ಕೈಪಿಡಿಯು ‘ಹಮ್’ (ತಗ್ಗು ದನಿಯ ಸದ್ದು) ಮತ್ತು ‘ಬಝ್’ (ಒರಟು ಅಂಚಿನ ಸದ್ದು) ಎಂಬುವನ್ನು ಬೇರೆ ಬೇರೆ ದೋಷಗಳೆಂದು ಎಣಿಸುತ್ತದೆ. ಮೊದಲನೆಯದು ಕೇಳಿಬಂದರೆ ವಿದ್ಯುತ್ ಪೂರೈಕೆಯ ಏರಿಳಿತವನ್ನು ಸಮಮಾಡುವ ಫಿಲ್ಟರ್ ಕೆಪ್ಯಾಸಿಟರ್‌ಗಳನ್ನು ನೋಡಿರೆಂದೂ, ಎರಡನೆಯದಾದರೆ ಕೇಬಲ್ಲಿನ ಹೊದಿಕೆತಂತಿಯನ್ನೂ ಹತ್ತಿರದ ದೀಪಗಳ ಡಿಮ್ಮರುಗಳನ್ನೂ ನೋಡಿರೆಂದೂ ಹೇಳುತ್ತದೆ. ನಮ್ಮಲ್ಲಿ ಇದ್ದದ್ದು ಮೊದಲನೆಯದು. ಇನ್‌ಪುಟ್ಟನ್ನು ಶಾರ್ಟ್ ಮಾಡಿದರೂ, ವಾಲ್ಯೂಮನ್ನು ಸೊನ್ನೆಗೆ ತಂದರೂ ಸದ್ದು ಒಂದಿಷ್ಟೂ ಕದಲಲಿಲ್ಲ. ಒಳಗೆ ನೋಡಿದರೆ 10,000 ಮೈಕ್ರೋಫ್ಯಾರಡ್ಡಿನ ಎರಡು ಕೆಪ್ಯಾಸಿಟರ್‌ಗಳಲ್ಲಿ ಒಂದರ ತಲೆ ಉಬ್ಬಿತ್ತು, ಬುಡದಲ್ಲಿ ಕಂದುಬಣ್ಣದ ಅಂಟು ಇಳಿದು ಒಣಗಿತ್ತು. ಎರಡನ್ನೂ ಬದಲಿಸಿದ ಮೇಲೆ ಯಂತ್ರ ಮೌನವಾಯಿತು.

ಹೀಗಿರುವಾಗ ಎರಡು ದೋಷಗಳನ್ನೂ ‘ಸದ್ದು’ ಎಂದೇ ಬರೆದರೆ ಹಾಳೆ ಅಂಟಿಸಿಯೂ ವ್ಯರ್ಥ. ಮೊದಲ ಕರಡಿನಲ್ಲಿ ಧೈರ್ಯಮಾಡಿ ‘ಹಮ್ಮು’ ಎಂದು ಬರೆದಿದ್ದೆ. ‘ವಾಲ್ಯೂಮ್ ಪೂರ್ತಿ ತಗ್ಗಿಸಿದರೂ ಹಮ್ಮು ಇಳಿಯದಿದ್ದರೆ’ ಎಂಬ ವಾಕ್ಯವನ್ನು ನಮ್ಮ ಡ್ರಮ್ ವಾದಕರು ಗಟ್ಟಿಯಾಗಿ ಓದಿ ಗಾಯಕರ ಮುಖವನ್ನು ನೋಡಿದರು. ಆ ಪದವನ್ನು ಕೈಬಿಟ್ಟಿದ್ದೇನೆ. ಬಲ್ಲವರು ಬೇಗನೆ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1

‘ಹಮ್’ ಎಂಬುದಕ್ಕೆ ‘ಮೊರೆತ’ ಇದೆ. ತುಂಬಿಗಳು ಮೊರೆಯುವುದನ್ನು ಹಳಗನ್ನಡದ ಕಬ್ಬಿಗರು ಬೇಕಾದಷ್ಟು ಬರೆದಿದ್ದಾರೆ; ಹೊಸದಾಗಿ ಹುಡುಕುವ ಕೆಲಸವೇ ಇಲ್ಲ. ನನಗೆ ಅಚ್ಚರಿಯಾದದ್ದು ಬೇರೆ. ಒಂದೇ ಓಲೆಯಲ್ಲಿ ಕೆಪ್ಯಾಸಿಟರ್, ಇನ್‌ಪುಟ್, ಶಾರ್ಟ್, ವಾಲ್ಯೂಮ್, ಫಿಲ್ಟರ್ ಎಂದೆಲ್ಲ ಬರೆದು, ಎರಡೇ ಎರಡು ಮಾತುಗಳಿಗೆ ಕನ್ನಡ ಕೇಳುವವರ ಕಾಳಜಿ ಎಂತಹದು? ‘ದುರಸ್ತಿ’ಯೂ ಪಾರಸಿಯದು, ‘ಸರಿಪಡಿಕೆ’ ಎನ್ನಬಹುದಿತ್ತು. ಇನ್ನು ಯಾರಾದರೂ ‘ಝೇಂಕಾರ’ವನ್ನು ಎತ್ತಿಕೊಂಡು ಬರುವ ಮೊದಲೇ ಹೇಳಿಬಿಡುತ್ತೇನೆ: ಮಹಾಪ್ರಾಣ ಕನ್ನಡಿಗರ ನಾಲಿಗೆಯದಲ್ಲ.

ಉತ್ತರ 2

‘ಝೇಂಕಾರ’ವನ್ನು ನಾನೂ ಒಪ್ಪುವುದಿಲ್ಲ, ಆದರೆ ಕಾರಣ ಬೇರೆ: ಶುದ್ಧರೂಪ ‘ಝಂಕಾರ’. ಆದ್ದರಿಂದ ಹಮ್ಮಿಗೆ ‘ಗುಂಜನ’, ಬಝ್ಝಿಗೆ ‘ಝಂಕಾರ’ ಎಂದು ಇಟ್ಟುಕೊಂಡರೆ ಎರಡೂ ಶಾಸ್ತ್ರೀಯವಾಗುತ್ತವೆ. ‘ಹಮ್ಮು’ ಎಂಬುದು ಸಂಸ್ಕೃತದ ‘ಅಹಂ’ ಎಂಬುದರ ತದ್ಭವವಾದ ಕಾರಣ ಅದಕ್ಕೂ ಇಂಗ್ಲಿಷಿನ ‘ಹಮ್’ಗೂ ಯಾವ ಸಂಬಂಧವೂ ಇಲ್ಲವೆಂಬುದನ್ನು ಪ್ರಶ್ನೆ ಕೇಳಿದವರು ಗಮನಿಸಬೇಕು. ‘ದುರಸ್ತಿ’ಯನ್ನು ಪಾರಸಿಗೆ ಬಿಟ್ಟುಕೊಡುವ ಅಗತ್ಯವೂ ನನಗೆ ಕಾಣುವುದಿಲ್ಲ, ‘ದುರ್’ ಮತ್ತು ‘ಅಸ್ತಿ’, ಅಂದರೆ ಕೆಟ್ಟದ್ದು ಇದೆ, ಎಂದು ಬಿಡಿಸಿದರೆ ಅರ್ಥ ಸ್ಪಷ್ಟವಾಗಿಯೇ ಇದೆ.

ಉತ್ತರ 3

‘ದುರ್ ಅಸ್ತಿ’ ಎಂಬುದು ನಿರುಕ್ತಿಯಲ್ಲ, ಚಮತ್ಕಾರ. ಪಾರಸಿಯ ‘ದುರುಸ್ತ್’ ಎಂದರೆ ಸರಿಯಾಗಿರುವುದು. ‘ಅಹಂ’ ವಿಷಯವನ್ನು ಇಲ್ಲಿ ಯಾರೂ ಕೇಳಿರಲಿಲ್ಲ.

ಪ್ರಶ್ನೆಗೆ ಬರುತ್ತೇನೆ. ‘ಗುಂಜನ’, ‘ಝಂಕಾರ’ಗಳು ದುಂಬಿಗೂ ವೀಣೆಗೂ ಸಲ್ಲುವ, ಕಿವಿಗೆ ಹಿತವೆನಿಸುವ ಮಾತುಗಳು. ಉಬ್ಬಿದ ಕೆಪ್ಯಾಸಿಟರನ್ನು ಹುಡುಕುತ್ತಿರುವವನಿಗೆ ‘ಗುಂಜನ ನಿಲ್ಲದಿದ್ದರೆ’ ಎಂದು ಹೇಳಿದರೆ ಅವನು ಅದನ್ನು ನಿಲ್ಲಿಸಬೇಕೇ, ಕುಳಿತು ಕೇಳಬೇಕೇ ಎಂದು ಯೋಚಿಸಿಯಾನು. ‘ಮೊರೆತ’ ಒಳ್ಳೆಯ ಪದವೇ. ಆದರೆ ಇಂದಿನ ಓದುಗರಿಗೆ ಮೊರೆಯುವುದು ಕಡಲು, ಹಾಗಾಗಿ ಅವರ ಮನಸ್ಸಿಗೆ ಬರುವುದು ದೊಡ್ಡ ಸದ್ದು. ಆಂಪ್ಲಿಫೈಯರಿನ ಹಮ್ ಅಂಥದ್ದಲ್ಲ, ತಾಲೀಮಿನ ನಡುವೆ ಎಲ್ಲರೂ ಸುಮ್ಮನಾದಾಗ ಮಾತ್ರ ತಾನಿದ್ದೇನೆಂದು ತಿಳಿಸುವಂಥದ್ದು.

ದೋಷದ ಮೂಲವನ್ನು ನೋಡಿದರೆ ಪದ ತಾನಾಗಿ ಸಿಗುತ್ತದೆ. ಮನೆಗೆ ಬರುವ ವಿದ್ಯುತ್ತು 50 ಹರ್ಟ್ಸ್ ಇರುವ ಕಡೆ, ರೆಕ್ಟಿಫೈಯರು ಅಲೆಯ ಎರಡೂ ಅರ್ಧಗಳನ್ನು ಒಂದೇ ಕಡೆಗೆ ಮಡಚುವುದರಿಂದ ಏರಿಳಿತ 100 ಹರ್ಟ್ಸ್ ಆಗುತ್ತದೆ. 60 ಇರುವ ಕಡೆ ಅದು 120. ಆ ಏರಿಳಿತವನ್ನು ತುಂಬಿ ಸಮಮಾಡಬೇಕಾದ ಕೆಪ್ಯಾಸಿಟರು ಒಣಗಿಹೋದಾಗ ಸ್ಪೀಕರಿನಲ್ಲಿ ಕೇಳುವ ತಗ್ಗು ದನಿಯನ್ನು ಯಾವ ಕನ್ನಡಿಗರ ಮುಂದೆ ನುಡಿಸಿದರೂ ಅವರು ‘ಗುಂಯ್ ಅನ್ನುತ್ತಿದೆ’ ಎನ್ನುತ್ತಾರೆ. ಬಝ್ಝಿನಲ್ಲಿ ಅದೇ ಮೂಲಕಂಪನದ ಮೇಲಿನ ಗುಣಕಗಳು (ಎರಡು ಪಟ್ಟು, ಮೂರು ಪಟ್ಟು ಹೀಗೆ ಏರುವ ಕಂಪನಗಳು) ಬಲವಾಗಿ ಸೇರಿಕೊಂಡು ದನಿಗೆ ಗರಗಸದಂಥ ಅಂಚು ಬಂದಿರುತ್ತದೆ. ಅದು ‘ಜಿರ್ರ್’. ಜೀರುಂಡೆ ಎಂಬ ಹೆಸರಿನಲ್ಲೇ ಆ ಸದ್ದು ಕುಳಿತಿದೆ. ವಾಲ್ಯೂಮಿನ ಗುಂಡಿಯಲ್ಲಿ ಧೂಳು ಕೂತರೆ ‘ಕರಕರ’, ಸ್ವಿಚ್ ಹಾಕಿದ ತಕ್ಷಣ, ಸ್ಪೀಕರನ್ನು ತುಸು ತಡವಾಗಿ ಜೋಡಿಸುವ ರಿಲೇ ತಡೆಯದಿದ್ದರೆ ‘ಧಡ್’, ಏನೂ ನುಡಿಸದೆ ಬಿಟ್ಟಾಗ ಮೇಲುದನಿಯ ಚಿಕ್ಕ ಸ್ಪೀಕರಾದ ಟ್ವೀಟರಿನಲ್ಲಿ ‘ಸುಯ್’. ದೋಷಪತ್ತೆಗೆ ಬೇಕಾದ ಪಾರಿಭಾಷಿಕಗಳು ಅನುಕರಣಾವ್ಯಯಗಳ ರೂಪದಲ್ಲಿ ನಮ್ಮ ಬಾಯಲ್ಲಿ ಆಗಲೇ ಇವೆ, ನಾವು ಅವನ್ನು ಅಚ್ಚಿಗೆ ತರಲು ನಾಚುತ್ತಿದ್ದೇವೆ, ಅಷ್ಟೆ.

ಇನ್ನೊಂದು ಮಾತು. ಇಂಗ್ಲಿಷ್ ವಾಕ್ಯದಲ್ಲಿ ‘ಹಮ್’ ನಾಮಪದವಾಗಿದೆಯೆಂದು ಕನ್ನಡದಲ್ಲೂ ನಾಮಪದವನ್ನೇ ಹುಡುಕಲು ಹೊರಟದ್ದರಿಂದ ಈ ತೊಂದರೆಯೆಲ್ಲ ಬಂದಿದೆ. ‘ಗುಂಯ್‌ಗುಡುವಿಕೆ’ ಎಂದು ಬರೆದರೆ ಹಾಳೆಯಲ್ಲಿ ಜಾಗವೂ ಸಾಲದು, ಓದುವವನಿಗೆ ಉಸಿರೂ ಸಾಲದು. ಕ್ರಿಯಾಪದವನ್ನು ಬಳಸಿ, ‘ಗುಂಯ್‌ಗುಡುವುದು ನಿಲ್ಲದಿದ್ದರೆ’ ಎನ್ನಿ. ಭೂಸಂಪರ್ಕ ಎರಡು ದಾರಿಗಳಲ್ಲಿ ಸುತ್ತಿಕೊಂಡಾಗ ಬರುವ 50 ಹರ್ಟ್ಸಿನ ದನಿಯೂ ಗುಂಯ್ ಎಂದೇ ಕೇಳುತ್ತದೆ. ಅದಕ್ಕೆ ಮತ್ತೊಂದು ಪದವನ್ನು ಕಟ್ಟುವುದು ಬೇಡ. ವಾಲ್ಯೂಮ್ ತಗ್ಗಿಸಿದಾಗ ಸದ್ದು ತಗ್ಗಿದರೆ ದೋಷ ಗುಂಡಿಗಿಂತ ಹಿಂದೆ, ಇನ್‌ಪುಟ್ಟಿನ ಕಡೆ ಇದೆ, ತಗ್ಗದಿದ್ದರೆ ಮುಂದೆ, ಸ್ಪೀಕರಿನ ಕಡೆ ಇದೆ ಎಂಬ ಪರೀಕ್ಷೆಯನ್ನು ಬರೆದರೆ ಸಾಕು.

ಮಹಾಪ್ರಾಣದ ಬಗ್ಗೆ: ಝುಳುಝುಳು, ಘಮಘಮ, ಧಡಧಡ, ಢಣಢಣ. ಕನ್ನಡಿಗರ ನಾಲಿಗೆ ಬೇರೆಲ್ಲಿ ಸಡಿಲಿಸಿದರೂ ಅನುಕರಣ ಪದಗಳಲ್ಲಿ ಮಹಾಪ್ರಾಣವನ್ನು ಬೇಕೆಂದೇ ಒತ್ತುತ್ತದೆ. ಆ ತತ್ತ್ವವನ್ನು ಇಲ್ಲಿಗೆ ತರಬೇಡಿ. ‘ಕೆಪ್ಯಾಸಿಟರ್’ ಹಾಗೆಯೇ ಇರಲಿ. ‘ಧಾರಕ’ವೆಂಬುದು ಪಠ್ಯಪುಸ್ತಕಕ್ಕೆ ಸರಿ, ಆದರೆ ಪ್ಲಗ್ ಕಿತ್ತ ಮೇಲೂ ಮೈಗೆ ಹೊಡೆಯುವಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುವ ಬಿಡಿಭಾಗದ ಹೆಸರನ್ನು ಓದುವವನು ಕ್ಷಣವೂ ತಡವರಿಸಬಾರದು. ‘ಮುಟ್ಟುವ ಮೊದಲು ರೆಸಿಸ್ಟರಿನ ಮೂಲಕ ಬರಿದುಮಾಡಿ, ಮೀಟರಿನಲ್ಲಿ ಸೊನ್ನೆ ಬಂದಿರುವುದನ್ನು ನೋಡಿ’ ಎಂಬ ಸಾಲು ನಿಮ್ಮ ಹಾಳೆಯ ಮೇಲ್ತುದಿಯಲ್ಲಿ, ದಪ್ಪ ಅಕ್ಷರದಲ್ಲಿ ಇರತಕ್ಕದ್ದು. ‘ಡಿಸ್ಚಾರ್ಜ್’ ಎಂಬುದಕ್ಕೆ ‘ಬರಿದುಮಾಡು’ ಎನ್ನುವುದರಲ್ಲಿ ಯಾರಿಗೂ ಸಂದೇಹ ಬಾರದು. ಕನ್ನಡ ಎಲ್ಲಿ ಚುರುಕಾಗಿದೆಯೋ ಅಲ್ಲಿ ಕನ್ನಡ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಎಚ್ಚರಿಕೆಯ ಸಾಲು ಮೇಲ್ತುದಿಗೆ ಬಂದಿದೆ. ಅದರ ಕೆಳಗೆ ಹೀಗೆ ಬರೆದಿದ್ದೇನೆ: ‘ವಾಲ್ಯೂಮನ್ನು ಸೊನ್ನೆಗೆ ತಂದರೂ ಗುಂಯ್‌ಗುಡುವುದು ನಿಲ್ಲದಿದ್ದರೆ ದೊಡ್ಡ ಕೆಪ್ಯಾಸಿಟರ್‌ಗಳನ್ನು ನೋಡಿ. ಜಿರ್ರೆನ್ನುತ್ತಿದ್ದರೆ ಮೊದಲು ಕೇಬಲ್ ಬದಲಿಸಿ, ಆಮೇಲೆ ವೇದಿಕೆಯ ಡಿಮ್ಮರ್ ಆರಿಸಿ ಕೇಳಿ.’ ಡ್ರಮ್ ವಾದಕರಿಗೆ ಓದಲು ಕೊಟ್ಟೆ. ಈ ಸಲ ಅವರು ಗಾಯಕರ ಕಡೆ ನೋಡದೆ ನೇರವಾಗಿ ಕೇಬಲ್ಲಿನ ತುದಿಯನ್ನು ಹಿಡಿದು ಅಲ್ಲಾಡಿಸಿದರು.

ಉತ್ತರ 1ರವರಿಂದ ಮತ್ತೆ

ಎರಡು ಸಾಲುಗಳಲ್ಲಿ ನಾಲ್ಕು ಇಂಗ್ಲಿಷ್ ಮಾತುಗಳು ಉಳಿದುಕೊಂಡಿವೆ ಎಂಬುದನ್ನು ದಾಖಲಿಸುತ್ತೇನೆ. ‘ಜಿರ್ರ್’ ಒಪ್ಪಿಗೆ.