ಅಗೆಯೋ ಡ್ರಮ್ ಮೂರೇ ನಿಮಿಷಕ್ಕ ಬಂದ್, ವೈಫೈನೂ ಕಟ್

ಕೊಪ್ಪಳ_ರೋವರ್:
ನಾಲ್ಕು ದಿನದಿಂದ ಇದೇ ಗೋಳು. ಚಂದ್ರನ ಮಣ್ಣು ಅಗೆಯೋ ಸಣ್ಣ ರೋವರ್ ನಮ್ಮ ಲ್ಯಾಬಿನಾಗ ಮಾಡೀವಿ, ನಾಸಾದ ಸ್ವಾಂಪ್ ವರ್ಕ್ಸ್ ಲ್ಯಾಬಿನವರ ಅಗೆಯೋ ರೋಬೋ ರಾಸರ್ ಇದ್ದಂಗ, ಮುಂದೊಂದು ಹಿಂದೊಂದು ಮಣ್ಣು ಕಚ್ಚೋ ಬಕೆಟ್ ಇರೋ ಡ್ರಮ್. 160 ಮಿ.ಮೀ. ಅಗಲ, ಪಿಎಲ್‌ಎ ಪ್ಲಾಸ್ಟಿಕ್ಕಿನಾಗ 3ಡಿ ಪ್ರಿಂಟ್. 12 ವೋಲ್ಟ್ ಗೇರ್ ಮೋಟರ್, ನಡೆಸಾಕ ವೈಫೈ ಇರೋ ಇಎಸ್‌ಪಿ32 ಕಂಟ್ರೋಲರ್ ಬೋರ್ಡ್. ಟೇಬಲ್ ಮ್ಯಾಲೆ ತಾಸುಗಟ್ಟಲೆ ತಿರುಗತೈತಿ. ಚಂದ್ರನ ಮಣ್ಣಿನ ಬದಲಿಗೆ ತುಂಬಿದ ಕಲ್ಲು ಕ್ರಷರ್ ಪುಡಿ ತೊಟ್ಟಿಗೆ ಇಳಿಸಿದ್ರ ಮೂರು ನಿಮಿಷದಾಗ ಎಲ್ಲಾ ಬಂದ್. ಕೋಡ್ ಮೂರು ಸಲ ಬರದೀನಿ. ಏನ್ ಮಾಡ್ಲಿ?

ಬಳ್ಳಾರಿ_ಬಿಸ್ಲು:
ಪಿಎಲ್‌ಎ ಅಂದ್ರಲ್ಲ, ಅದೇ ತಪ್ಪು. 60 ಡಿಗ್ರಿ ಹತ್ರ ಮೆತ್ತಗಾಗ್ತೈತೆ. ನಮ್ಮ ಕಡೆ ಬಿಸಿಲಿಗೆ ಮೋಟರ್ ಕಾವು ಸೇರಿದ್ರೆ ಹಬ್ಬಿನ (ಮೋಟರ್ ಶಾಫ್ಟ್ ಕೂಡೋ ಡ್ರಮ್ಮಿನ ನಡುಭಾಗ) ತೂತು ಅಗಲಾಗಿ ಶಾಫ್ಟ್ ಓರೆ ಆಗ್ತೈತೆ, ಮೋಟರ್ ಸಿಕ್ಕಿಬೀಳ್ತೈತೆ. ಕಾವು ಇನ್ನೂ ತಡೆಯೋ ಪಿಇಟಿಜಿ ಪ್ಲಾಸ್ಟಿಕ್ ಹಾಕಿ, 4 ಪದರ ಗೋಡೆ, ಒಳಗೆ 40% ತುಂಬು (ಇನ್‌ಫಿಲ್).

ಕೊಪ್ಪಳ_ರೋವರ್:
ಹಬ್ ನೋಡೀನ್ರಿ, ನೆಟ್ಟಗೈತಿ.

ಬಳ್ಳಾರಿ_ಬಿಸ್ಲು:
ಕಣ್ಣಿಗೆ ಕಾಣಲ್ಲ ಸರ್, ವರ್ನಿಯರ್ ಹಿಡೀರಿ. 0.3 ಮಿ.ಮೀ. ಸಾಕು ಕೆಡೋಕೆ. ಫಿಲಮೆಂಟ್ (ಪ್ರಿಂಟರಿಗೆ ಹಾಕೋ ಪ್ಲಾಸ್ಟಿಕ್ ದಾರ) ಒಣಗಿಸಿದ್ರಾ? ನಾವು ಪಿಇಟಿಜಿನ 65 ಡಿಗ್ರಿಗೆ 6 ತಾಸು ಡ್ರೈಯರಿನಾಗೆ ಇಟ್ಟೇ ಹಾಕೋದು.

ಶಕ್ತಿನಗರ_ವೋಲ್ಟ್:
ಹಬ್ ಸೊಟ್ಟಾದ್ರ ಡ್ರಮ್ ನಿಲ್ಲಬೇಕು. ವೈಫೈ ಯಾಕ ಹೋಗ್ತದ? ಮೋಟರಿಗೆ ಕರೆಂಟ್ ಹಾಯಿಸೋ ಡ್ರೈವರ್ ಬೋರ್ಡ್ ಯಾವುದ್ರಿ, ಇಎಸ್‌ಪಿಗೆ ಕರೆಂಟ್ ಎಲ್ಲಿಂದ ಕೊಟ್ಟೀರಿ? ಹತ್ತು ನಿಮಿಷ ಬಿಟ್ರ ತಾನೇ ಚಾಲೂ ಆಗ್ತದೇನು?

ಕೊಪ್ಪಳ_ರೋವರ್:
ಎಲ್298ಎನ್. ಅದರ 5 ವೋಲ್ಟ್ ಪಿನ್ನಿಂದನೇ ಇಎಸ್‌ಪಿಗೆ. ಎಲ್ರೂ ಹಂಗೇ ಕೊಡ್ತಾರಲ್ರಿ. ಬ್ಯಾಟರಿ 18650 ಮೂರು ಸೆಲ್. ಹೌದು, ಆರಿದ ಮ್ಯಾಲೆ ತಾನೇ ಚಾಲೂ ಆಗತೈತಿ, ಅದು ಬರೆಯೋದು ಬಿಟ್ಟುಹೋಗಿತ್ತು.

ಶಕ್ತಿನಗರ_ವೋಲ್ಟ್:
ಹಂಗಾದ್ರ ಡ್ರಮ್ ಬಿಡ್ರಿ, ಡ್ರೈವರ್ ನೋಡ್ರಿ. ಎಲ್298 ಹಳೇ ಕಾಲದ ಚಿಪ್. 2 ಆಂಪಿಯರ್ ಎಳೆದ್ರ 4.9 ವೋಲ್ಟ್ ತನಕ ತಾನೇ ನುಂಗಬಹುದು, ಅಂದ್ರ ಹತ್ತಿರ ಹತ್ತಿರ 10 ವ್ಯಾಟ್ ಕಾವು. ಅದೇ ಬೋರ್ಡಿನ ಮ್ಯಾಲೆ, ಹೀಟ್‌ಸಿಂಕ್ ಪಕ್ಕದಾಗ, 5 ವೋಲ್ಟ್ ಕೊಡೋ 78ಎಂ05 ರೆಗ್ಯುಲೇಟರ್ ಕುಂತದ. ಕಾವು ಮಿತಿ ಮೀರಿದ್ರ ಅದು ತನ್ನನ್ನ ತಾನೇ ಬಂದ್ ಮಾಡ್ಕೋತದ, ಇಎಸ್‌ಪಿ ಸಾಯ್ತದ. ಖಾಲಿ ತಿರುಗುವಾಗ ಕರೆಂಟ್ ಕಮ್ಮಿ, ಅದಕ್ಕೇ ಟೇಬಲ್ ಮ್ಯಾಲೆ ಏನೂ ಆಗಂಗಿಲ್ಲ.

ಮೊದಲು 5 ವೋಲ್ಟ್ ವೈರ್ ಕಿತ್ತು ಇಎಸ್‌ಪಿಗೆ ಪವರ್ ಬ್ಯಾಂಕ್ ಕೊಡ್ರಿ. ಗ್ರೌಂಡ್ ಎರಡಕ್ಕೂ ಒಂದೇ ಇರಬೇಕು, ಅದು ಕಿತ್ರ ಮೋಟರ್ ಹುಚ್ಚುಹುಚ್ಚಾಗಿ ತಿರುಗ್ತದ. ಅಗೆಯುವಾಗ ಬ್ಯಾಟರಿ ತುದಿ, ಮೋಟರ್ ತುದಿ ಎರಡೂ ಕಡೆ ಮೀಟರ್ ಹಿಡೀರಿ.

ಕುಷ್ಟಗಿ_ಕಲ್ಲು:
ಕ್ರಷರ್ ಪುಡಿ ಚಂದ್ರನ ಮಣ್ಣಲ್ರಿ. ಇಸ್ರೋದವರು ತಮಿಳುನಾಡಿನ ಸಿತ್ತಂಪೂಂಡಿಯ ಅನಾರ್ಥೋಸೈಟ್ ಅನ್ನೋ ಕಲ್ಲು ಅರೆದು ಚಂದ್ರನ ಮಣ್ಣಿನ ನಕಲು ಮಾಡ್ಯಾರ. ನಮ್ದು ಗ್ರಾನೈಟ್.

ಬಳ್ಳಾರಿ_ಬಿಸ್ಲು:
ಥರ್ಮಲ್ ಪ್ಲಾಂಟಿನ ಹಾರುಬೂದಿ ಹಾಕ್ಬೋದಲ್ಲ, ಅದೂ ಹಿಟ್ಟಿನಂಗೇ ಐತೆ.

ಶಕ್ತಿನಗರ_ವೋಲ್ಟ್:
ಬ್ಯಾಡ್ರಿ. ಹಾರುಬೂದಿ ಕಣ ಗುಂಡಗ, ನೀರಿನಂಗ ಹರೀತದ. ಚಂದ್ರನ ಮ್ಯಾಲೆ ಗಾಳಿ ನೀರು ಇಲ್ಲ, ಕಣ ಸವೆಯಂಗಿಲ್ಲ, ಅಂಚು ಚೂಪಾಗೇ ಉಳೀತದ. ಅಗೆಯೋ ಪರೀಕ್ಷೆಗೆ ಕ್ರಷರ್ ಪುಡಿನೇ ಮೇಲು. ಚಂದ್ರನ ಮಣ್ಣಿನ ಸರಾಸರಿ ಕಣ 60ರಿಂದ 80 ಮೈಕ್ರಾನ್, ಅಷ್ಟಕ್ಕ ಜರಡಿ ಹಿಡೀರಿ.

ಕೊಪ್ಪಳ_ರೋವರ್:
ಪವರ್ ಬ್ಯಾಂಕ್ ಹಾಕಿದೆ. ವೈಫೈ 25 ನಿಮಿಷ ಕಟ್ ಆಗ್ಲಿಲ್ಲ! ಡ್ರಮ್ ಮಾತ್ರ ನಾಲ್ಕನೇ ನಿಮಿಷಕ್ಕ ನಿಂತೈತಿ. ಬ್ಯಾಟರಿ ಕಡೆ 11.4, ಮೋಟರ್ ಕಡೆ 8.6. ಹೀಟ್‌ಸಿಂಕ್ ಮುಟ್ಟಾಕ ಆಗವಲ್ದು.

ಶಕ್ತಿನಗರ_ವೋಲ್ಟ್:
2.8 ವೋಲ್ಟ್ ದಾರ್ಯಾಗೇ, ಡ್ರೈವರಿನಾಗ ಕಾವಾಗಿ ಹೋಗ್ಯದ. ಬಿಟಿಎಸ್7960 ಡ್ರೈವರ್ ತರ್ರಿ, ಮೋಟರಿಗೊಂದು. ಇಎಸ್‌ಪಿಗೆ ಬೇರೆ ಎಲ್‌ಎಂ2596 ಬಕ್ (ವೋಲ್ಟ್ ಇಳಿಸೋ ಬೋರ್ಡ್) ಹಾಕ್ರಿ, ಜೋಡಿಸೋಕ ಮೊದಲೇ ಸ್ಕ್ರೂ ತಿರುವಿ 5.0ಗೆ ಇಡ್ರಿ. ಡ್ರೈವರ್ ಬಾಯಿಗೆ 1000 ಮೈಕ್ರೋಫ್ಯಾರಡ್, 25 ವೋಲ್ಟ್ ಕೆಪಾಸಿಟರ್.

ಇನ್ನೊಂದು ಮಾತು. ನಿಮ್ಮ ಫೋಟೋದಾಗ ನಾಲ್ಕೂ ಬಕೆಟ್ ಬಾಯಿ ಒಂದೇ ಗೆರೆಯಾಗ ಅವ, ನಾಲ್ಕೂ ಒಮ್ಮೆಗೇ ಕಚ್ಚುತಾವ. ಒಂದಕ್ಕೊಂದು 90 ಡಿಗ್ರಿ ತಿರುವಿ ಮತ್ತ ಪ್ರಿಂಟ್ ತೆಗೀರಿ. ರಾಸರ್‌ದಾಗೂ ಹಂಗೇ ಸರಿಸಿಟ್ಟಾರ. ಎರಡು ಡ್ರಮ್ ಎದುರುಬದುರು ತಿರುಗಬೇಕು, ಆವಾಗ ಒಂದರ ಎಳೆತ ಇನ್ನೊಂದು ತಡೀತದ. ಚಂದ್ರನ ಮ್ಯಾಲಿನ ಆರರಲ್ಲೊಂದು ತೂಕದಾಗ ಗಾಡಿ ಜಾರದಂಗ ನಿಲ್ಲೋದು ಅದರಿಂದಲೇ.

ಬಳ್ಳಾರಿ_ಬಿಸ್ಲು:
ಹೆಂಗೂ ಹೊಸದಾಗಿ ಪ್ರಿಂಟ್ ಅಂದ್ರೆ ಪಿಇಟಿಜಿನೇ ಹಾಕಿ ಸರ್.

ಕುಷ್ಟಗಿ_ಕಲ್ಲು:
ಆ ಫೋಟೋದಾಗ ಒಬ್ರೂ ಮಾಸ್ಕ್ ಹಾಕಿಲ್ಲ. ಗ್ರಾನೈಟ್ ಪುಡಿಯಾಗ ಸಿಲಿಕಾ ಐತಿ, ಶ್ವಾಸಕೋಶಕ್ಕ ಹೋದ್ರ ಹೊರಗ ಬರಂಗಿಲ್ಲ. ಎನ್95 ಹಾಕ್ರಿ, ತೊಟ್ಟಿಗೆ ಮುಚ್ಚಳ ಮಾಡ್ರಿ, ನೆಲ ಕಸಬರಿಗೀಲೆ ಗುಡಿಸಬ್ಯಾಡ್ರಿ, ಹಸಿ ಬಟ್ಟೀಲೆ ಒರೆಸ್ರಿ. ಜರಡಿ ಹಿಡಿಯೋಕ ಮೊದಲೇ ಇದು ಆಗ್ಬೇಕು.