ಪದಚರ್ಚೆ: ದೋಣಿಯ ನೆಲ ‘ಕೊಳೆತಿದೆ’ಯೋ, ‘ಕುಂಬಾಗಿದೆ’ಯೋ?

ಪ್ರಶ್ನೆ: ಹಳೆಯ ಫೈಬರ್ ದೋಣಿಯ ಮರದ ನೆಲ ಕಿತ್ತು ಹೊಸದು ಹಾಕುವ ಇಂಗ್ಲಿಷ್ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸೋಲ್’, ‘ಸ್ಟ್ರಿಂಗರ್’ ಇವಕ್ಕೆ ಏನು ಬಳಸಲಿ? ‘ರೆಸಿನ್’ಗೆ ‘ರಾಳ’ ಆದೀತೇ? ‘ಕ್ಯಾಟಲಿಸ್ಟ್’, ‘ಹಾರ್ಡನರ್’ ಎರಡಕ್ಕೂ ‘ಗಟ್ಟಿಕಾರಕ’ ಎಂದು ಹಾಕಿದ್ದೇನೆ. ಕೆಟ್ಟ ಮರಕ್ಕೆ ‘ಕೊಳೆತ’ ಎಂದರೆ ಸಾಕೇ?

ಉತ್ತರ: ಕೊನೆಯದರಿಂದ ಶುರು ಮಾಡೋಣ, ಕೆಲಸವೂ ಅಲ್ಲಿಂದಲೇ ಶುರುವಾಗುವುದು. ‘ಕೊಳೆತ’ ತಪ್ಪಲ್ಲ, ಆದರೆ ಅದು ಹಣ್ಣಿಗೂ ಎಲೆಗೂ ಸಲ್ಲುವ ಮಾತು. ಒದ್ದೆಯಲ್ಲೇ ಇದ್ದು ಒಳಗೊಳಗೇ ಹುಡಿಯಾಗುವ ಮರಕ್ಕೆ ಕರಾವಳಿಯಲ್ಲಿ ‘ಕುಂಬು’ ಇದೆ: ದಾರಂದ ಕುಂಬಾಯಿತು, ಪಕಾಸು ಕುಂಬಾಯಿತು. ಘಟ್ಟದ ಮೇಲೆ ‘ಲಡ್ಡಾಗಿದೆ’ ಎನ್ನುತ್ತಾರೆ. ‘ಬೂಷ್ಟು’ ಬೇಡ, ಅದು ಮೇಲ್ಮೈಯದು, ಒರೆಸಿದರೆ ಹೋಗುತ್ತದೆ. ದೋಣಿಯ ನೆಲಕ್ಕೆ ‘ಕುಂಬು’ ಸರಿಯಾಗಿ ಕೂರುತ್ತದೆ, ಏಕೆಂದರೆ ಇಲ್ಲಿ ಮೇಲಿನ ಫೈಬರ್ ಪದರ ಚೆನ್ನಾಗಿಯೇ ಕಾಣುತ್ತಿರುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟಿದರೆ ಗಟ್ಟಿ ಜಾಗ ‘ಟಕ್’ ಎನ್ನುತ್ತದೆ, ಕುಂಬಾದದ್ದು ‘ದೊಪ್’ ಎನ್ನುತ್ತದೆ. 5 ಮಿ.ಮೀ. ಬೈರಿಗೆ ಇಳಿಸಿದರೆ ಒಳ್ಳೆಯ ಮರದ ಹೊಟ್ಟು ಒಣಗಿ ತಿಳಿಬಣ್ಣದಲ್ಲಿ ಉದುರುತ್ತದೆ. ಕುಂಬಾದದ್ದು ಕಾಫಿ ಚರಟದ ಹಾಗೆ ಕಪ್ಪಗೆ, ಒದ್ದೆಯಾಗಿ ಬೈರಿಗೆಯ ಸುರುಳಿಗೆ ಮೆತ್ತಿಕೊಂಡು ಬರುತ್ತದೆ. ಸಾಮಾನ್ಯವಾಗಿ ನೀರು ಇಳಿಯುವುದು ಸೀಟು ಕೂರಿಸಿದ ಸ್ಕ್ರೂ ತೂತುಗಳಿಂದ. ಎಷ್ಟೋ ದೋಣಿಗಳಲ್ಲಿ ಹಲಗೆಯ ಅಡಿಭಾಗ ಬರಿಮರವಾಗಿಯೇ ಉಳಿದಿರುತ್ತದೆ.

‘ಸೋಲ್’ಗೆ ‘ನೆಲ’, ಹಾಸುವ ಪ್ಲೈಗೆ ‘ನೆಲಹಲಗೆ’ ಸಾಕು. ಆದರೆ ಒಂದು ಎಚ್ಚರಿಕೆ: ಹಳೆಯ ಇಂಗ್ಲಿಷ್ ದೋಣಿಕಟ್ಟುವವರ ಮಾತಿನಲ್ಲಿ ‘ಫ್ಲೋರ್’ ಎಂದರೆ ನಾವು ಕಾಲಿಡುವ ನೆಲವಲ್ಲ, ತಳದಲ್ಲಿ ಅಡ್ಡಕ್ಕೆ ಕೂರುವ ಮರ. ನಿಮ್ಮ ಕೈಪಿಡಿಯಲ್ಲಿ ಎರಡೂ ಬಂದಿದ್ದರೆ ಒಂದೇ ಪದ ಹಾಕಬೇಡಿ. ‘ಸ್ಟ್ರಿಂಗರ್’ಗೆ ನನ್ನ ಮತ ‘ಉದ್ದಜಂತೆ’. ಅಟ್ಟದ ಹಲಗೆಯನ್ನು ಜಂತೆ ಹೊರುವಂತೆ ಇದು ನೆಲಹಲಗೆಯನ್ನು ಹೊರುತ್ತದೆ. ಜಂತೆ ಭಾರ ಹೊತ್ತರೆ ಮುಗಿಯಿತು, ಇದಾದರೋ ದೋಣಿಯ ತಳ ಬಾಗದಂತೆ ಬಿಗಿಯನ್ನೂ ಕೊಡುತ್ತದೆ ಎಂದು ಮೊದಲ ಸಲ ಬಂದಾಗಲೇ ಬರೆದುಬಿಡಿ. ಅದನ್ನು ತಿಳಿಯದೆ ಎಲ್ಲ ಉದ್ದಜಂತೆಗಳನ್ನೂ ಒಟ್ಟಿಗೆ ಕಿತ್ತರೆ ಆಧಾರ ತಪ್ಪಿ ತಳ ಜೋಲುತ್ತದೆ. ಹೊಸದನ್ನು ಹಾಗೆಯೇ ಬಿಗಿದರೆ ಆ ಸೊಟ್ಟ ಕಾಯಮ್ಮು. ಹೊರಗಿನಿಂದ ಹಲವು ಕಡೆ ಊರೆ ಕೊಟ್ಟು, ಒಂದೊಂದಾಗಿ ಬದಲಿಸಬೇಕು.

‘ರಾಳ’ ಬೇಡ. ರಾಳ ಮರದಿಂದ ಒಸರುವಂಥದ್ದು. ಇದು ಗಾಜಿನ ಬಟ್ಟೆಗೆ ಬಳಿದು ಗಟ್ಟಿಯಾಗಿಸುವ ಕೃತಕ ದ್ರವ, ಪಾಲಿಯೆಸ್ಟರ್ ಮತ್ತು ಎಪಾಕ್ಸಿ ಇದರ ಎರಡು ಬಗೆ. ರೆಸಿನ್ ಎಂದೇ ಇರಲಿ.

ನಿಮ್ಮ ಪಟ್ಟಿಯಲ್ಲಿ ನಿಜಕ್ಕೂ ಅಪಾಯದ ಪದ ‘ಗಟ್ಟಿಕಾರಕ’. ಪಾಲಿಯೆಸ್ಟರ್ ರೆಸಿನ್ನಿಗೆ ಹಾಕುವ ಕ್ಯಾಟಲಿಸ್ಟ್ ಎಂದರೆ ಎಂಇಕೆಪಿ ಎಂಬ ರಾಸಾಯನಿಕ, ಅದು ರೆಸಿನ್ನಿನ ತೂಕದಲ್ಲಿ ಶೇ. 1ರಿಂದ 2ರಷ್ಟು, ಸೆಕೆ ಹೆಚ್ಚಿದ್ದರೆ ಆ ಮಿತಿಯೊಳಗೇ ಕಡಿಮೆ ಮಾಡಬಹುದು. ಎಪಾಕ್ಸಿಯ ಹಾರ್ಡನರ್ ಹಾಗಲ್ಲ. ಡಬ್ಬಿಯ ಮೇಲೆ 2:1, 3:1 ಅಥವಾ 5:1 ಏನಿದೆಯೋ ಅದೇ ಅಳತೆ. ಬೇಗ ಗಟ್ಟಿಯಾಗಲೆಂದು ಒಂದು ಚಮಚ ಹೆಚ್ಚು ಸುರಿದರೆ ಬೇಗವಂತೂ ಆಗುವುದಿಲ್ಲ, ಮೆತ್ತಗೆ ಅಂಟಂಟಾಗಿ ಉಳಿಯುತ್ತದೆ. ಎರಡಕ್ಕೂ ಒಂದೇ ಪದವಿದ್ದರೆ ಓದುಗ ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚುತ್ತಾನೆ. ಶಾಲೆಯ ಪುಸ್ತಕದ ‘ವೇಗವರ್ಧಕ’ ಇನ್ನೂ ಕೆಟ್ಟದ್ದು. ಪಾಲಿಯೆಸ್ಟರ್ ಕೆಲಸದಲ್ಲಿ ಕೋಬಾಲ್ಟ್ ಎಂಬ ಮೂರನೆಯ ಸಾಮಗ್ರಿ ಇರುತ್ತದೆ, ವೇಗ ಹೆಚ್ಚಿಸುವುದು ಅದು. ಕೋಬಾಲ್ಟನ್ನು ಎಂಇಕೆಪಿಗೆ ನೇರವಾಗಿ ಬೆರೆಸಿದರೆ ಸ್ಫೋಟವಾಗಬಹುದು. ಮೊದಲು ಒಂದನ್ನು ರೆಸಿನ್ನಿನಲ್ಲಿ ಪೂರ್ತಿ ಕಲಸಿ, ಆಮೇಲೆ ಇನ್ನೊಂದು. ಇಂಥ ಕಡೆ ಅಂಗಡಿಯವರು ಆಡುವ ಕ್ಯಾಟಲಿಸ್ಟ್, ಹಾರ್ಡನರ್, ಕೋಬಾಲ್ಟ್ ಎಂಬ ಹೆಸರುಗಳನ್ನೇ ಉಳಿಸಿ. ಕನ್ನಡ ಮಾಡುವ ಹುಮ್ಮಸ್ಸಿನಲ್ಲಿ ಯಾರ ಕಣ್ಣೂ ಹೋಗಬಾರದು.

ಹಾಗೆಯೇ ‘ವಾಟರ್‌ಪ್ರೂಫ್ ಪ್ಲೈ’ ಎಂದು ಬರೆದಿದ್ದರೆ ಹೊಡೆದುಹಾಕಿ. ಆ ಹೆಸರಿನಲ್ಲಿ ಐಎಸ್ 303ರ (ಸಾಮಾನ್ಯ ಬಳಕೆಯ ಪ್ಲೈಗಿರುವ ಭಾರತೀಯ ಮಾನಕ) ಹಲಗೆಯನ್ನೂ ಕೊಡುತ್ತಾರೆ. ದೋಣಿಗೆ ಬೇಕಾದದ್ದು ಐಎಸ್ 710ರ ಮರೈನ್ ಪ್ಲೈ, ಸಣ್ಣ ದೋಣಿಯ ನೆಲಕ್ಕೆ ಸಾಮಾನ್ಯವಾಗಿ 12 ಮಿ.ಮೀ. ದಪ್ಪದ್ದು. ಅದೂ ಅಂಚಿನಿಂದ ನೀರು ಕುಡಿಯುತ್ತದೆ (‘ಹೀರುತ್ತದೆ’ಗಿಂತ ‘ಕುಡಿಯುತ್ತದೆ’ ಚೆಂದ). ಆದ್ದರಿಂದ ಎರಡು ಮುಖಕ್ಕೂ, ಅಂಚುಗಳಿಗೆ ಇನ್ನೂ ಒಂದು ಸಲ ಹೆಚ್ಚಾಗಿಯೂ ರೆಸಿನ್ ಬಳಿದ ಮೇಲೆಯೇ ಕೂರಿಸಬೇಕು.

‘ಫಿಲೆಟ್’ಗೆ ಹೊಸ ಪದ ಕಟ್ಟಬೇಕಿಲ್ಲ, ‘ಮೂಲೆ ದುಂಡಗೆ ಮಾಡು’ ಎನ್ನಿ. ಗಾರೆಯವರು ತಾರಸಿಯ ಮೂಲೆಗೆ ಗಾರೆ ಮೆತ್ತುವ ಹಾಗೆ ಇಲ್ಲಿ ಸಿಲಿಕಾ ಪುಡಿ ಬೆರೆಸಿ ಮಂದ ಮಾಡಿದ ರೆಸಿನ್ ಮೆತ್ತುತ್ತಾರೆ. ಚೂಪು ಮೂಲೆಯಲ್ಲಿ ಗಾಜಿನ ಬಟ್ಟೆ ಮಡಚದೆ ಎದ್ದು ನಿಲ್ಲುತ್ತದೆ, ಅಡಿಯಲ್ಲಿ ಗಾಳಿಗುಳ್ಳೆ ಉಳಿಯುತ್ತದೆ, ಅಲ್ಲಿಂದಲೇ ಬಿಡುತ್ತದೆ. ಬಟ್ಟೆ ಹಿಡಿಯಬೇಕಾದ ಹಳೆಯ ಫೈಬರನ್ನು ಮೊದಲು 40 ಅಥವಾ 60ರ ಉಪ್ಪುಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಬೇಕು. ಹಳೆಯ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ. ಗಟ್ಟಿಯಾದ ಎಪಾಕ್ಸಿ ಮೇಲೆ ಪಾಲಿಯೆಸ್ಟರನ್ನು ನಂಬುವಂತಿಲ್ಲ.

ನೀವು ಕೇಳದ ಪದವೊಂದು: ‘ಲಿಂಬರ್ ಹೋಲ್’. ಕೈಪಿಡಿಯಲ್ಲಿ ಖಂಡಿತ ಬರುತ್ತದೆ. ಅಡ್ಡಮರಗಳ ಬುಡದಲ್ಲಿ ನೀರು ಹಿಂಬದಿಗೆ ಹರಿದುಹೋಗಲು ಬಿಡುವ ಕಿಂಡಿ ಅದು. ಕೆರೆಯ ‘ತೂಬು’ ಇಲ್ಲಿಗೂ ಒಪ್ಪುತ್ತದೆ. ತೂಬನ್ನು ಕೊರೆದು ಬರಿಮರವಾಗಿ ಬಿಟ್ಟರೆ ಮುಂದಿನ ಕುಂಬು ಅಲ್ಲೇ ಹಿಡಿಯುತ್ತದೆ. ಬೇಕಾದದ್ದಕ್ಕಿಂತ ದೊಡ್ಡದಾಗಿ ಕೊರೆದು, ಮಂದ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಮತ್ತೆ ಕೊರೆಯಬೇಕು. ಸೀಟಿನ ಸ್ಕ್ರೂ ತೂತುಗಳಿಗೂ ಇದೇ ರೀತಿ.