ಸಹಾಯ ಬೇಕು: ಅಕ್ರಮ ಹಣ ವರ್ಗಾವಣೆ ಕೇಸಿನಲ್ಲಿ ತಮ್ಮನಿಗೆ ಶಿಕ್ಷೆ, ಹೈಕೋರ್ಟ್ ಮೇಲ್ಮನವಿ ಬಗ್ಗೆ

ಎಲ್ಲರಿಗೂ ನಮಸ್ಕಾರ. ಕ್ರಿಮಿನಲ್ ಮೇಲ್ಮನವಿ ನಡೆಸಿದ ಅನುಭವ ಇರುವವರು ದಯವಿಟ್ಟು ಓದಿ.

ನನ್ನ ತಮ್ಮ ಒಬ್ಬರ ಬಳಿ ಲೆಕ್ಕ ಬರೆಯುತ್ತಿದ್ದ. ಮಾಲೀಕರು ಹೇಳಿದಂತೆ ತನ್ನ ಖಾತೆಗೆ ಬಂದ ಹಣವನ್ನು ಬೇರೆಯವರಿಗೆ ಕಳಿಸುತ್ತಿದ್ದ. ಅದು ವಂಚನೆಯ ಹಣ ಅಂತ ಕೇಸಾಯಿತು. ಈಗ ವಿಶೇಷ ನ್ಯಾಯಾಲಯ ಪಿಎಂಎಲ್‌ಎ (ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ) ಅಡಿ 3 ವರ್ಷ ಕಠಿಣ ಶಿಕ್ಷೆ ಕೊಟ್ಟಿದೆ. ಆ ಕಾಯ್ದೆಯಲ್ಲಿ ಅದೇ ಕನಿಷ್ಠ.

ನಮಗೆ ಜಾಸ್ತಿ ನೋವಾಗಿರುವುದು ತೀರ್ಪಿನ ಕಾರಣ ನೋಡಿ. ಅಷ್ಟು ಹಣ ಬಂದಾಗ ಅವನಿಗೆ ಅನುಮಾನ ಬರಬೇಕಿತ್ತು ಎಂದಿದ್ದಾರೆ. ಆದರೆ 3ನೇ ಸೆಕ್ಷನ್ ಗೊತ್ತಿದ್ದೇ ಮಾಡಿದ ಬಗ್ಗೆ ಹೇಳುತ್ತದೆ, ಅಲ್ವಾ? 24ನೇ ಸೆಕ್ಷನ್ ಹಣ ಶುದ್ಧ ಎಂದು ತೋರಿಸುವ ಹೊರೆಯನ್ನು ಆರೋಪಿ ಮೇಲೆ ಹಾಕುತ್ತದೆ, ನಿಜ. ಆದರೂ ಅವನು ಪಡೆದಿದ್ದು ಬರೀ ಸಂಬಳ. ಮಾಲೀಕರ ಮೆಸೇಜ್‌ಗಳೆಲ್ಲ ದಾಖಲೆಯಲ್ಲಿವೆ.

ಮೂಲ ವಂಚನೆ ಕೇಸು ಇನ್ನೂ ಮುಗಿದಿಲ್ಲ. ಅದರಲ್ಲಿ ಖುಲಾಸೆಯಾದರೆ ಪಿಎಂಎಲ್‌ಎ ಕೇಸೂ ಉಳಿಯದು ಎಂದು ಸುಪ್ರೀಂ ಕೋರ್ಟ್ 2022ರ ವಿಜಯ್ ಮದನ್‌ಲಾಲ್ ಚೌಧರಿ ತೀರ್ಪಿನಲ್ಲಿ ಹೇಳಿದೆ. ಹಾಗಂತ ಸುಮ್ನೆ ಕಾಯುವಂತಿಲ್ಲ, ಹೈಕೋರ್ಟ್ ಮೇಲ್ಮನವಿಗೆ 60 ದಿನದ ಗಡುವಿದೆ.

ಶಿಕ್ಷೆ ಅಮಾನತು ಕೇಳುವಾಗಲೂ 45ನೇ ಸೆಕ್ಷನ್‌ನ ಕಠಿಣ ಜಾಮೀನು ಷರತ್ತು ಅಡ್ಡ ಬರುತ್ತದೆಯೇ? ಮುಟ್ಟುಗೋಲಾದ ಅಮ್ಮನ ಮನೆಗೆ ಬೇರೆ ಅರ್ಜಿ ಹಾಕಬೇಕೇ? ಇಂಥ ಕೇಸು ನಡೆಸಿದ ವಕೀಲರು ಗೊತ್ತಿದ್ದರೆ ನನಗೆ ಮೆಸೇಜ್ ಮಾಡಿ. ತೀರ್ಪಿನ ಪ್ರತಿ ನನ್ನ ಬಳಿ ಇದೆ, ತಕ್ಷಣ ಕಳಿಸುತ್ತೇನೆ.